18 ತಿಂಗಳ ಅಕ್ಕಿ-ಬೇಳೆ ಯಾರದು?

ಪ್ರಶ್ನೆ: ನಾನು ಕಾರವಾರದ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಸಹೋದ್ಯೋಗಿಗಳಾಗಿದ್ದ ಇಬ್ಬರು ಮತ್ತು ಒಬ್ಬ ನರ್ಸ್ ಗೆಳತಿಯ ಜೊತೆ ಸೇರಿ ಒಂದು ಟ್ರಸ್ಟ್ ಮಾಡಬೇಕೆಂದಿದ್ದೇನೆ. ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳು ಅದನ್ನು ಬಿಟ್ಟು ಬೇರೆ ಉದ್ಯೋಗ ಹಿಡಿಯಲು ನೆರವಾಗುವುದು ಉದ್ದೇಶ. ಹೊಲಿಗೆ, ಉಪ್ಪಿನಕಾಯಿಗೆ ನಿಲ್ಲದೆ ಲೆಕ್ಕಪತ್ರ, ಆಸ್ಪತ್ರೆ, ಕಚೇರಿ ಕೆಲಸದವರೆಗೆ ಅವರನ್ನು ಮುಟ್ಟಿಸಬೇಕೆಂಬ ಆಸೆ. ಶಿರಸಿಯಲ್ಲಿ ನನ್ನ ತವರಿನ ಮನೆ ಖಾಲಿ ಇದೆ. ಅಲ್ಲಿ ಹತ್ತು ಹೆಂಗಸರನ್ನು ಇಟ್ಟುಕೊಂಡು ತರಬೇತಿ ಕೊಡಬಹುದೆ? ನಮ್ಮ ಕೈಯಲ್ಲಿ 8 ಲಕ್ಷ ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಕ್ಕೋರೆ, ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು "ಹೊಲಿಗೆ, ಉಪ್ಪಿನಕಾಯಿಗೆ ನಿಲ್ಲದೆ" ಎಂಬ ಮಾತು. ಚಿಂತೆಗೆ ಹಚ್ಚಿದ್ದು "ಹತ್ತು ಹೆಂಗಸರನ್ನು ಇಟ್ಟುಕೊಂಡು" ಎಂಬ ಮಾತು.

ಇಪ್ಪತ್ತು ವರ್ಷದ ಹಿಂದೆ ನಾವು ಈ ಕೆಲಸಕ್ಕಿಳಿದಾಗ ಮೊದಲು ತಂದದ್ದು ಆರು ಹೊಲಿಗೆ ಯಂತ್ರ. ಮೂರು ತಿಂಗಳ ತರಬೇತಿ ಕೊಟ್ಟೆವು. ಕೊನೆಯ ದಿನ ವೇದಿಕೆ ಕಟ್ಟಿ, ಅತಿಥಿಗಳ ಕೈಯಿಂದ ಆ ಯಂತ್ರಗಳನ್ನೇ ದಾನ ಕೊಡಿಸಿದೆವು. ವರ್ಷ ತುಂಬುವುದರೊಳಗೆ ಆರರಲ್ಲಿ ನಾಲ್ಕು ಯಂತ್ರ ಗಿರವಿ ಅಂಗಡಿ ಸೇರಿದ್ದವು. ಕೇಳಲು ಹೋದ ನನ್ನ ಮುಂದೆ ಅವರಲ್ಲೊಬ್ಬಳು ಅಂಗೈಯಗಲದ ಡೈರಿಯೊಂದನ್ನು ಬಿಡಿಸಿಟ್ಟಳು. ಸಂಘದ ಕಂತು, ಮಂಗಳವಾರ, 1,150. ಇನ್ನೊಂದು ಸಂಘ, ಶುಕ್ರವಾರ, 900. ಮನೆ ಬಾಡಿಗೆ. ಮಗನ ಹಾಸ್ಟೆಲ್. ಊರಲ್ಲಿರುವ ಅವ್ವನ ಔಷಧಿ. ಇವೆಲ್ಲದರ ಕೆಳಗೆ ಕೆಂಪು ಪೆನ್ನಿನಲ್ಲಿ, ವಾರಕ್ಕೆ ನೂರಕ್ಕೆ ಹತ್ತರ ಬಡ್ಡಿಯ ಒಂದು ಕೈಸಾಲ. "ಬ್ಲೌಸ್ ಹೊಲ್ದ್ರೆ ಮಂಗಳವಾರ ಬರೂದು ನಿಲ್ತದ್ಯಾ ಅಕ್ಕಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಧಂಧೆ ಬಿಡುವುದು ಮನಸ್ಸು ಗಟ್ಟಿ ಮಾಡುವ ವಿಷಯ ಎಂದು ಹೊರಗಿನವರು ತಿಳಿದಿರುತ್ತಾರೆ. ಮನಸ್ಸು ಬಹಳ ಜನರಿಗೆ ಎಂದೋ ಗಟ್ಟಿಯಾಗಿರುತ್ತದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಓದು ಮುಂದುವರಿಸಿ, ಒಂದು ಕೌಶಲ ಕಲಿತು, ಕೆಲಸಕ್ಕೆ ಸೇರಿ, ಕೈಗೆ ನಂಬುವಂಥ ಸಂಬಳ ಬರಲು ನನ್ನ ಅನುಭವದಲ್ಲಿ ಒಂದೂವರೆ ವರ್ಷ ಬೇಕು. ಆ 18 ತಿಂಗಳು ಅವಳ ಮನೆಯ ಅಕ್ಕಿ-ಬೇಳೆ ಯಾರದು? ನಿಮ್ಮ ಟ್ರಸ್ಟ್ ಹುಟ್ಟಬೇಕಾದದ್ದು ಈ ಒಂದು ಪ್ರಶ್ನೆಗೆ ಉತ್ತರವಾಗಿ. ಪಾಠ ಹೇಳುವವರು, ಕೋರ್ಸು, ಪ್ರಮಾಣಪತ್ರ ಎಲ್ಲ ಆಮೇಲೆ ಸಿಗುತ್ತವೆ.

ಲೆಕ್ಕ ಹಾಕೋಣ. ತಿಂಗಳಿಗೆ 12,000 ರೂಪಾಯಿಯಂತೆ 18 ತಿಂಗಳಿಗೆ 2,16,000. ಕೋರ್ಸು, ಪರೀಕ್ಷೆ ಶುಲ್ಕ, ಪುಸ್ತಕಕ್ಕೆ 35,000. ಮಕ್ಕಳ ಶಾಲೆಗೆ 24,000. ಕಾಯಿಲೆ ಮತ್ತು ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಖರ್ಚಿಗೆ 25,000. ಒಬ್ಬಳಿಗೆ ಸರಿಯಾಗಿ 3 ಲಕ್ಷ. ಅಂದರೆ ನಿಮ್ಮ 8 ಲಕ್ಷದಲ್ಲಿ ಇಬ್ಬರು. ಉಳಿದ 2 ಲಕ್ಷ ದಾಖಲೆ ಕೆಲಸಕ್ಕೆ, ಅರೆಕಾಲಿಕ ಆಪ್ತಸಮಾಲೋಚಕಿಗೆ, ಓಡಾಟಕ್ಕೆ ಬೇಕು. ಹತ್ತು ಎಂದವರಿಗೆ ಎರಡು ಎಂದರೆ ನಿರಾಸೆಯಾಗುತ್ತದೆ, ಗೊತ್ತು. ಆದರೆ ಹತ್ತು ಜನರನ್ನು ಕರೆದು ಆರನೇ ತಿಂಗಳಿಗೆ ದುಡ್ಡು ಮುಗಿದರೆ, ಹತ್ತೂ ಮಂದಿ ಮೊದಲಿಗಿಂತ ಹೆಚ್ಚು ಸಾಲದೊಂದಿಗೆ ಹಿಂದಿರುಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಹೆಂಗಸರ ಮುಖ ಇವತ್ತಿಗೂ ಮರೆತಿಲ್ಲ.

ಸಾಲವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಬೇಕೆಂದೇ. ನೀವೇ ಸಾಲ ತೀರಿಸಲು ಹೋಗಬೇಡಿ. ಡೈರಿ ಇಟ್ಟುಕೊಂಡು ಅವಳ ಜೊತೆ ಒಂದು ಇಡೀ ಮಧ್ಯಾಹ್ನ ಕುಳಿತುಕೊಳ್ಳಿ. ಬ್ಯಾಂಕಿನದು ಯಾವುದು, ಮೈಕ್ರೊ ಫೈನಾನ್ಸ್ ಯಾವುದು, ಚಿನ್ನದ ಅಡವು ಯಾವುದು, ಕೈಬಡ್ಡಿ ಯಾವುದು, ಬೇರೆ ಬೇರೆ ಬರೆಯಿರಿ. ಮೀಟರ್ ಬಡ್ಡಿಗೆ ಕೊಟ್ಟವನ ಎದುರು ಅವಳು ಒಂಟಿಯಲ್ಲ. ವಿಪರೀತ ಬಡ್ಡಿ ವಿಧಿಸುವುದನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2004ರಿಂದ ಇದೆ. ಸಾಲ ವಸೂಲಿಗೆ ಮನೆಮುಂದೆ ಬಂದು ಪೀಡಿಸುವುದರ ವಿರುದ್ಧ 2025ರಲ್ಲಿ ಇನ್ನೊಂದು ಕಾನೂನು ಬಂದಿದೆ. ವಕೀಲರಿಗೆ ದುಡ್ಡು ಎಲ್ಲಿಂದ ಎನ್ನಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ಕಾರವಾರದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಅಲ್ಲಿಂದಲೇ ಶುರು ಮಾಡಿ.

ಇಲ್ಲಿಗೆ ಕಾನೂನಿನ ಮಾತು ಬಂತು. ನಿಮ್ಮ ನಾಲ್ವರೂ ಬಾಯಿಪಾಠ ಮಾಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ವಯಸ್ಕ ಹೆಣ್ಣು ಸ್ವಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿರುವುದು ತಾನಾಗಿ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು, ಇನ್ನೊಬ್ಬಳ ಆ ದುಡಿಮೆಯ ಮೇಲೆ ಬದುಕುವುದು, ಬಹಿರಂಗವಾಗಿ ಗಿರಾಕಿ ಕರೆಯುವುದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ಅಪರಾಧ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿ. ದಾಳಿ ನಡೆದಾಗ ಈ ಹೆಂಗಸರನ್ನು ಬಂಧಿಸುವುದು, ಪೀಡಿಸುವುದು ಕೂಡದು. ತಾಯಿ ಈ ವೃತ್ತಿಯಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಬೇರೆ ಮಾಡಬಾರದು. ವಿಳಾಸದ ದಾಖಲೆ ಇಲ್ಲದವರಿಗೂ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರ ಪ್ರಮಾಣಪತ್ರದ ಮೇಲೆ ಆಧಾರ್ ಸಿಗಬೇಕು. ಅದರಲ್ಲಿ ಅವಳ ವೃತ್ತಿಯ ಸುಳಿವು ಎಲ್ಲೂ ಕಾಣಬಾರದು.

ಆದರೆ ಹದಿನೆಂಟು ತುಂಬದ ಹುಡುಗಿ ಕಂಡರೆ ನಿಮ್ಮ ತರಬೇತಿಯ ಮಾತೇ ಎತ್ತಬೇಡಿ. ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಅಂದೇ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ವಯಸ್ಕಳನ್ನೇ ಯಾರಾದರೂ ಮಾರಿದ್ದರೆ, ಕೂಡಿಹಾಕಿದ್ದರೆ ಅದು ಮಾನವ ಕಳ್ಳಸಾಗಣೆ. ಅಲ್ಲಿ ಪೊಲೀಸರು, ವಕೀಲರು ಮುಂದಿರಬೇಕು, ನೀವು ಅವಳ ಪಕ್ಕದಲ್ಲಿರಬೇಕು.

ಉಳಿದವರ ವಿಷಯದಲ್ಲಿ "ಬಿಡಿಸುವುದು" ಎಂಬ ಪದವನ್ನೇ ನಿಮ್ಮ ಕಾಗದಗಳಿಂದ ತೆಗೆಯಿರಿ ಎನ್ನುತ್ತೇನೆ. ನಮ್ಮ ಪಕ್ಕದ ಗೋವಾದಲ್ಲಿ ವಾಸ್ಕೋದ ಬೈನಾ ದಂಡೆಯ ಮನೆಗಳನ್ನು 2004ರ ಮಳೆಗಾಲದಲ್ಲಿ ಕೆಡವಿದರು. ಅಲ್ಲಿದ್ದವರಲ್ಲಿ ಕರ್ನಾಟಕದ ಹೆಣ್ಣುಮಕ್ಕಳು ಬಹಳ. ಮನೆ ಬಿದ್ದವು, ಧಂಧೆ ಚದುರಿತು, ಕಣ್ಣಿಗೆ ಕಾಣುತ್ತಿದ್ದದ್ದು ಕಾಣದಾಯಿತು. ಅದೇ ಗೋವಾದಲ್ಲಿ ಅರ್ಜ್ ಎಂಬ ಸಂಸ್ಥೆ ಸ್ವಿಫ್ಟ್ ವಾಶ್ ಎಂಬ ಯಂತ್ರದ ಲಾಂಡ್ರಿ ತೆರೆದು, ಈ ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಕೊಟ್ಟಿತು. ಬಟ್ಟೆ ಒಗೆಯುವುದು ದೊಡ್ಡ ವೃತ್ತಿಯೇ ಎಂದು ಕೇಳುವವರಿದ್ದಾರೆ. ತಿಂಗಳ ಒಂದನೇ ತಾರೀಕಿಗೆ ಬರುವ ಸಂಬಳ ಎಂಥ ಧೈರ್ಯ ಕೊಡುತ್ತದೆ ಎಂಬುದು ನಿಮಗೂ ನನಗೂ ಗೊತ್ತಲ್ಲ. ಕಾರವಾರದಿಂದ ರೈಲು ಹತ್ತಿದರೆ ಮಡಗಾಂವ್ ದೂರವಲ್ಲ, ಅಂಥವರ ಕೆಲಸ ಒಮ್ಮೆ ಹೋಗಿ ನೋಡಿ. ಮೈಸೂರಿನ ಆಶೋದಯ ಸಮಿತಿಯನ್ನೂ ನೋಡಿ. ಅದನ್ನು ನಡೆಸುವವರು ಈ ವೃತ್ತಿಯ ಹೆಂಗಸರೇ. ನಿಮ್ಮ ಟ್ರಸ್ಟಿಗಳಲ್ಲೂ ಕನಿಷ್ಠ ಒಬ್ಬಳು ಆ ಬದುಕು ಬದುಕಿದವಳು ಇರಲಿ. ಟೀ ತರಲು, ಹಾಜರಿ ಬರೆಯಲು ಅಲ್ಲ, ಚೆಕ್ಕಿಗೆ ಸಹಿ ಹಾಕಲು.

ಸಣ್ಣ ಊರಿನ ಕಷ್ಟವೇ ಬೇರೆ. ನಮ್ಮ ಕಡೆ ಮುಂಬಯಿಯ ಕಾಮಾಟಿಪುರದಂಥ ಬೀದಿಗಳಿಲ್ಲ, ಎಲ್ಲ ಫೋನಿನ ಮೇಲೆ. ಗುಟ್ಟು ಇರುವುದೂ ಫೋನಿನಲ್ಲೇ, ರಟ್ಟಾಗುವುದು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ. ಆದ್ದರಿಂದ ಟ್ರಸ್ಟಿನ ಹೆಸರಿನಲ್ಲಿ ಉದ್ಧಾರ, ಪುನರ್ವಸತಿ, ಹೊಸಬಾಳು ಇಂಥ ಯಾವ ಪದವೂ ಬೇಡ. ನಾಳೆ ಅವಳ ಪ್ರಮಾಣಪತ್ರದ ನೆತ್ತಿಯ ಮೇಲೆ ಆ ಹೆಸರಿರುತ್ತದೆ. ಓದಿದವರು ಒಂದೇ ಕ್ಷಣದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಕಂಪ್ಯೂಟರ್ ಮತ್ತು ಕಚೇರಿ ತರಬೇತಿ ಕೇಂದ್ರ ಎಂಬಂಥ ಸಪ್ಪೆ ಹೆಸರೇ ಅವಳಿಗೆ ಕವಚ. ತರಗತಿಗೆ ಬೇರೆಯವರೂ ಬರಲಿ: ಗಂಡ ಬಿಟ್ಟವರು, ವಿಧವೆಯರು, ಮೀನು ಮಾರುವವರ ಹೆಣ್ಣುಮಕ್ಕಳು, ಪಿಯುಸಿ ಫೇಲಾದವರು. ಇಪ್ಪತ್ತು ಜನರ ನಡುವೆ ನಿಮ್ಮ ಇಬ್ಬರು ಕುಳಿತಿದ್ದರೆ ಯಾರು ಯಾರೆಂದು ಬಾಗಿಲಲ್ಲಿ ನಿಂತು ಹೇಳಲಾಗದು. ಫೋಟೊ ಬೇಡವೇ ಬೇಡ. ದಾನಿಗಳು ಕೇಳುತ್ತಾರೆ. ಕುರ್ಚಿಯದು, ಕಂಪ್ಯೂಟರಿನದು ತೆಗೆದು ಕಳಿಸಿ.

ಈಗ ನಿಮಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ಉದ್ಯೋಗಕ್ಕೆ.

ಮೊದಲ ಕೆಲಸ ನಿಮ್ಮಂಥ ಶಿಕ್ಷಕಿಯರದೇ: ಟಿಸಿ. ಬಯಲುಸೀಮೆಯ ಯಾವುದೋ ಹಳ್ಳಿಯ ಶಾಲೆಯಲ್ಲಿ ಅವಳ ಹೆಸರು ಒಂದು ಅಡ್ಮಿಷನ್ ರಿಜಿಸ್ಟರಿನಲ್ಲಿ ಕುಳಿತಿರುತ್ತದೆ. ಅಲ್ಲಿಯ ಹೆಸರು, ಆಧಾರಿನ ಹೆಸರು, ಈಗ ಕರೆಯುವ ಹೆಸರು ಮೂರೂ ಬೇರೆ. ಒಬ್ಬ ನಿವೃತ್ತ ಶಿಕ್ಷಕಿ ಆ ಶಾಲೆಯ ಮುಖ್ಯೋಪಾಧ್ಯಾಯರ ಮುಂದೆ ಕುಳಿತು ಒಂದೇ ಬೆಳಿಗ್ಗೆಯಲ್ಲಿ ತೆಗೆಸುವ ದಾಖಲೆಯನ್ನು, ಅವಳು ಒಬ್ಬಳೇ ಹೋದರೆ ಆರು ತಿಂಗಳಾದರೂ ತೆಗೆಸಲಾರಳು. ಆಮೇಲೆ ಎಸ್ಸೆಸ್ಸೆಲ್ಸಿ. ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಒಟ್ಟಿಗೆ ಆರು ವಿಷಯ ಭಾರವಾದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಮ್ಮೆ ನೋಂದಾಯಿಸಿ, 5 ವರ್ಷದೊಳಗೆ ಒಂದೊಂದೇ ವಿಷಯ ಪಾಸು ಮಾಡುವ ಅವಕಾಶವಿದೆ. ಹತ್ತನೇ ತರಗತಿಯ ಆ ಒಂದು ಹಾಳೆ ಇಲ್ಲದೆ ನೀವು ಹೇಳುವ ಯಾವ ವೃತ್ತಿಯ ಬಾಗಿಲೂ ತೆರೆಯದು.

ಯಾವ ವೃತ್ತಿ ಎಂಬುದನ್ನು ಅವಳೇ ಆರಿಸಲಿ. ಆದರೆ ಈ ಹೆಂಗಸರಲ್ಲಿ ಮೊದಲೇ ಇರುವ ಜಾಣತನವನ್ನು ನೀವು ಗುರುತಿಸಬೇಕು. ಆ ಡೈರಿಯ ಹೆಣ್ಣುಮಗಳಿಗೆ ಅಷ್ಟೂ ಸಾಲದ ಬಡ್ಡಿ ಬಾಯಲ್ಲೇ ಲೆಕ್ಕ. ಕೊನೆಗೆ ಅವಳು ಕಲಿತದ್ದು ಟ್ಯಾಲಿ, ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ತಂತ್ರಾಂಶ. ಜಮೆ ಯಾವುದು ಖರ್ಚು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಇಂಗ್ಲಿಷ್ ಕೀಲಿಮಣೆಗೆ ಬೆರಳು ಒಗ್ಗಲು ಮಾತ್ರ ನಾಲ್ಕು ತಿಂಗಳು ಹಿಡಿಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ವ್ಯಾಪಾರವಿದೆ, ಊರೂರಿಗೆ ಸೊಸೈಟಿಗಳಿವೆ, ಗೊಬ್ಬರದ ಅಂಗಡಿ, ಲೆಕ್ಕಪರಿಶೋಧಕರ ಕಚೇರಿಗಳಿವೆ. ಟ್ಯಾಲಿ, ಜಿಎಸ್‌ಟಿ ಬಿಲ್ಲು ಬಲ್ಲವರು ಅಲ್ಲೆಲ್ಲ ಬೇಕು. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಆಸ್ಪತ್ರೆಗಳಿವೆ. ರೋಗಿ ಆರೈಕೆಯ ಸಣ್ಣ ಕೋರ್ಸಿನಿಂದ ಶುರು ಮಾಡಿ, ಪಿಯುಸಿ ಮುಗಿಸಿ, 3 ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ತನಕ ಹೋಗುವ ಹಾದಿ ಉದ್ದ, ಆದರೆ ಗಟ್ಟಿ. ನಿಮ್ಮ ನರ್ಸ್ ಗೆಳತಿಯ ಬೆಲೆ ಇಲ್ಲಿದೆ. ಸ್ವಂತ ಉದ್ಯೋಗ ಬೇಕೆನ್ನುವವರಿಗೆ ಹಳಿಯಾಳದಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ, ಅಲ್ಲಿ ಊಟ-ವಸತಿ ಸಮೇತ ತರಬೇತಿ ಉಚಿತ. ಮಹಿಳಾ ಅಭಿವೃದ್ಧಿ ನಿಗಮದ ಚೇತನಾ ಯೋಜನೆಯೂ ಇದೆ. ಆದರೆ ಅದರ ಅರ್ಜಿಯಲ್ಲಿ ಅವಳು "ದಮನಿತ ಮಹಿಳೆ", ಅಂದರೆ ಸರ್ಕಾರಿ ಭಾಷೆಯಲ್ಲಿ ಲೈಂಗಿಕ ವೃತ್ತಿಯವಳು, ಎಂದು ಕಾಗದದ ಮೇಲೆ ಬರುತ್ತಾಳೆ. ಬೇಕೋ ಬೇಡವೋ ಅವಳೇ ಹೇಳಲಿ, ಒತ್ತಾಯ ಬೇಡ.

ಎರಡು ಕಡೆ ನಾನು ಎಚ್ಚರಿಸುತ್ತೇನೆ. ಲಾಡ್ಜು, ರೆಸಾರ್ಟು, ಮಸಾಜು ಪಾರ್ಲರುಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಹಳೆಯ ಗಿರಾಕಿ, ಹಳೆಯ ದಲ್ಲಾಳಿ ಅಷ್ಟೇ ಬೇಗ ಎದುರಾಗುವುದೂ ಅಲ್ಲೇ. ಇನ್ನೊಂದು ವಿಮೆ ಏಜೆನ್ಸಿ. 2024ರ ಡಿಸೆಂಬರಿನಲ್ಲಿ ಎಲ್‌ಐಸಿಯ ಬಿಮಾ ಸಖಿ ಯೋಜನೆ ಬಂದಾಗ ನಮ್ಮವರು ಕೆಲವರು ಉತ್ಸಾಹದಿಂದ ಕೇಳಿದರು. ಹತ್ತನೇ ತರಗತಿ ಸಾಕು, ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ ಸ್ಟೈಪೆಂಡ್. ಯೋಜನೆ ಒಳ್ಳೆಯದೇ. ಆದರೆ ಮನೆಮನೆ ಬಾಗಿಲು ತಟ್ಟುವ ಕೆಲಸವನ್ನು ಅದೇ ಊರಿನಲ್ಲಿ ಮಾಡುವುದು ಎಲ್ಲರಿಗೂ ಆಗದು. ಬೇರೆ ತಾಲೂಕಿನಲ್ಲಾದರೆ ಯೋಚಿಸಬಹುದು.

ಬಯೋಡೇಟಾದ ಖಾಲಿ ವರ್ಷಗಳು ಎಲ್ಲರನ್ನೂ ಕಾಡುತ್ತವೆ. ಸುಳ್ಳು ಕಂಪನಿಯ ಹೆಸರು ಬರೆಸಬೇಡಿ, ಒಂದು ಫೋನಿನಲ್ಲಿ ಬಯಲಾಗುತ್ತದೆ. "ಮನೆಯ ಜವಾಬ್ದಾರಿ ಇತ್ತು, ಮಗನನ್ನು ಓದಿಸುತ್ತಿದ್ದೆ, ಈಗ ಕೆಲಸಕ್ಕೆ ಬಿಡುವಾಗಿದೆ" ಎಂಬುದು ಪೂರ್ತಿ ನಿಜ, ಅಷ್ಟೇ ಸಾಕು. ಅದನ್ನು ಕಣ್ಣು ತಗ್ಗಿಸದೆ ಹೇಳಲು ಅಭ್ಯಾಸ ಬೇಕು. ನಾವು ಮೇಜಿನ ಆಚೆ ಈಚೆ ಕುಳಿತು ಇಪ್ಪತ್ತು ಸಲ ಹೇಳಿಸುತ್ತೇವೆ. ಮಾಲೀಕನಿಗೆ ಹಿಂದಿನದು ತಿಳಿಸಬೇಕೆ ಎಂದು ಟ್ರಸ್ಟಿಗಳು ಕೇಳುತ್ತಾರೆ. ಬೇಡ. ಅದು ಅವಳ ಸ್ವತ್ತು. ಎಚ್‌ಐವಿ ಇದ್ದರೂ ಹಾಗೆಯೇ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಕೆಲಸದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ, ಒಪ್ಪಿಗೆಯಿಲ್ಲದೆ ಬಹಿರಂಗ ಮಾಡುವುದನ್ನೂ ತಡೆಯುತ್ತದೆ.

ಕೆಲಸ ಸಿಕ್ಕಮೇಲೆ ಬರುವ ಪರೀಕ್ಷೆ ಹಳೆಯ ಫೋನ್ ನಂಬರಿನದು. ಆ ಸಿಮ್ ಅನ್ನು ಮೊದಲ ದಿನವೇ ಮುರಿದು ಹಾಕಿ ಎಂದು ಹೇಳುತ್ತಿದ್ದ ಕಾಲವಿತ್ತು. ಅದು ನಮ್ಮ ದಡ್ಡತನ. ಬ್ಯಾಂಕು, ಆಧಾರ್, ಮಗನ ಶಾಲೆ ಎಲ್ಲ ಆ ನಂಬರಿಗೇ ಜೋಡಿಸಿರುತ್ತದೆ. ಸಂಬಳ ನಿಂತ ತಿಂಗಳು ಅವಳಿಗೆ ಉಳಿದಿರುವ ಒಂದೇ ವಿಮೆಯೂ ಅದೇ. ಈಗ ಹೊಸ ನಂಬರ್ ಕೊಡಿಸಿ, ಒಂದೊಂದೇ ಜೋಡಣೆ ಬದಲಿಸಿ, ಹಳೆಯದನ್ನು ಯಾವಾಗ ಬಿಡಬೇಕೆಂದು ಅವಳಿಗೇ ಬಿಡುತ್ತೇವೆ. ಒಬ್ಬಳು ಹದಿನಾಲ್ಕು ತಿಂಗಳು ಇಟ್ಟುಕೊಂಡಿದ್ದಳು. ಒಂದು ಸೋಮವಾರ ಊಟದ ಬಿಡುವಿನಲ್ಲಿ ಬಂದು, ಪುಟ್ಟ ಪ್ಲಾಸ್ಟಿಕ್ ಚೂರನ್ನು ನನ್ನ ಮೇಜಿನ ಮೇಲೆ ಇಟ್ಟು, ಏನೂ ಹೇಳದೆ ಮತ್ತೆ ಕೆಲಸಕ್ಕೆ ಹೋದಳು.

ಹಳೆಯ ಕೇಸುಗಳನ್ನು ಈಗಲೇ ಹುಡುಕಿಸಿ. ಗಿರಾಕಿ ಕರೆದ ಆರೋಪಕ್ಕೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. ಬೇಗ ಮುಗಿಯಲಿ ಎಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದವರು ಎಷ್ಟೋ ಜನ. ಅದು ಶಿಕ್ಷೆಯೇ ಆಯಿತೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದ ದಿನ ಅದು ಎದ್ದು ನಿಲ್ಲುತ್ತದೆ. ವಕೀಲರಿಗೆ ಮೊದಲೇ ತೋರಿಸಿದರೆ ಏನು ಮಾಡಬಹುದೆಂದು ಯೋಚಿಸಲು ಹೊತ್ತು ಇರುತ್ತದೆ.

ಮರಳಿ ಹೋಗುವವರಿರುತ್ತಾರೆ. ಮಗನಿಗೆ ಡೆಂಗ್ಯೂ ಬಂತು, ಅವ್ವ ತೀರಿಕೊಂಡಳು, ಮಾಲೀಕ ಎರಡು ತಿಂಗಳ ಸಂಬಳ ಕೊಡಲಿಲ್ಲ. ಜೂನ್, ಜುಲೈ ಬಲು ಕೆಟ್ಟ ತಿಂಗಳುಗಳು: ಶಾಲೆ ಫೀಸು, ಸೋರುವ ಮಾಡು, 61 ದಿನ ಮೀನುಗಾರಿಕೆ ಬಂದ್ ಆಗಿ ಕರಾವಳಿಯಲ್ಲಿ ಯಾರ ಕೈಯಲ್ಲೂ ಕಾಸು ಓಡದ ಹೊತ್ತು. ಆ 25,000ದ ತುರ್ತು ಹಣ ಇದಕ್ಕೇ. ಆದರೂ ಒಬ್ಬಳು ಹೋದರೆ ಸ್ಟೈಪೆಂಡ್ ನಿಲ್ಲಿಸಿ ಶಿಕ್ಷಿಸಬೇಡಿ, ಪ್ರಮಾಣ ಮಾಡಿಸಬೇಡಿ. ಪೂರ್ತಿ ಬಿಟ್ಟಮೇಲೆಯೇ ಸೇರಿಸಿಕೊಳ್ಳುತ್ತೇವೆ ಎಂಬ ಷರತ್ತನ್ನೂ ಹಾಕಬೇಡಿ. ನಾವು ಕಂಡ ಗಟ್ಟಿಯಾದ ಬದಲಾವಣೆಗಳೆಲ್ಲ ವಾರಕ್ಕೆ ಐದು ದಿನ ಹೋಗಿ ಮೂರು, ಮೂರು ಹೋಗಿ ಒಂದು, ಹೀಗೆ ಇಳಿದು ಬಂದವು.

ನೋಂದಣಿಯ ಬಗ್ಗೆ ಚಿಕ್ಕದಾಗಿ. ಸಂಘ ಮಾಡಲು 1960ರ ಕರ್ನಾಟಕ ಕಾಯ್ದೆಯಂತೆ ಕನಿಷ್ಠ ಏಳು ಜನ ಬೇಕು. ನೀವು ನಾಲ್ವರು, ಟ್ರಸ್ಟ್ ಪತ್ರ (ಡೀಡ್) ಬರೆಸಿ ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಮಾಡಿ. ಆದಾಯ ತೆರಿಗೆಯಲ್ಲಿ ಟ್ರಸ್ಟಿಗೂ ದಾನಿಗಳಿಗೂ ವಿನಾಯಿತಿ ಕೊಡಿಸುವ ನೋಂದಣಿಗಳಿಗೆ (12ಎಬಿ, 80ಜಿ ಎಂದು ಜನ ಕರೆಯುವುದು ಇವನ್ನೇ) ತಕ್ಷಣ ಅರ್ಜಿ ಹಾಕಿ. ಕಂಪನಿಗಳು ಸಮಾಜಸೇವೆಗೆಂದು ಕೊಡುವ ಸಿಎಸ್‌ಆರ್ ಹಣಕ್ಕೂ ವಿದೇಶಿ ದೇಣಿಗೆಗೂ 3 ವರ್ಷದ ಕೆಲಸದ ದಾಖಲೆ ಕೇಳುತ್ತಾರೆ, ಅಲ್ಲಿಯತನಕ ಊರ ದುಡ್ಡೇ ಗತಿ. ಆ ಇಬ್ಬರ 18 ತಿಂಗಳ ಜಮಾ-ಖರ್ಚನ್ನು ಹೆಸರಿಲ್ಲದೆ, ಒಪ್ಪವಾಗಿ ಇಟ್ಟರೆ ಮೂರನೆಯ ವರ್ಷ ಅದೇ ನಿಮ್ಮ ಅರ್ಜಿ.

ಕೊನೆಗೆ ಶಿರಸಿಯ ಮನೆ. ಈ ಹೆಂಗಸರನ್ನು ಇಟ್ಟುಕೊಳ್ಳುವ ರಕ್ಷಣಾ ಗೃಹವನ್ನು ಸರ್ಕಾರದ ಲೈಸೆನ್ಸ್ ಇಲ್ಲದೆ ಯಾರೂ ನಡೆಸುವಂತಿಲ್ಲ, 1956ರ ಕಾಯ್ದೆಯ 21ನೇ ಕಲಮಿನಲ್ಲೇ ಅದು ಇದೆ. ಲೈಸೆನ್ಸ್ ಸಿಕ್ಕರೂ ನಾನು ಬೇಡ ಎಂದೇ ಹೇಳುತ್ತಿದ್ದೆ. ಹತ್ತು ಹೆಂಗಸರು ಒಂದೇ ಮನೆಯಲ್ಲಿದ್ದರೆ ಮಾರಿಕಾಂಬೆ ಜಾತ್ರೆಯಷ್ಟು ಜನ ಆ ಗೇಟಿನತ್ತ ನೋಡುತ್ತಾರೆ. ಅವರ ಮಕ್ಕಳ ಶಾಲೆ, ಬಾಡಿಗೆ ಮನೆ, ಒಬ್ಬಿಬ್ಬರು ಗೆಳತಿಯರು ಇರುವುದು ಇನ್ನೆಲ್ಲೋ. ಅವರು ಇರುವಲ್ಲೇ ಇರಲಿ, ತರಗತಿಗೆ ಬಸ್ಸಿನಲ್ಲಿ ಬರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಹೆಂಗಸರಿಗೆ ಉಚಿತ. ಮಳೆಗೆ ಘಟ್ಟದ ದಾರಿ ಬಂದಾದ ದಿನ ಮೊಬೈಲಿನಲ್ಲಿ ಪಾಠ ಹೇಳಿ. ಉಳಿಯಲು ಜಾಗವೇ ಇಲ್ಲದವರಿಗೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಸಿ, ಸಂಕಷ್ಟದಲ್ಲಿರುವ ಹೆಂಗಸರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರವನ್ನು ಕೇಳಿ.

ನಿಮ್ಮ ಮನೆಯನ್ನು ಒಳ್ಳೆಯ ಕುಟುಂಬವೊಂದಕ್ಕೆ ಬಾಡಿಗೆಗೆ ಕೊಡಿ. ಬಂದ ಬಾಡಿಗೆ ತಿಂಗಳು ತಿಂಗಳೂ ಟ್ರಸ್ಟಿನ ಖಾತೆಗೆ ಬೀಳಲಿ. ಮೂರನೆಯವಳಿಗೆ ದುಡ್ಡು ಹುಟ್ಟುವುದು ಅಲ್ಲಿಂದ. ಡೀಡಿನ ಕರಡು ತಯಾರಾದಾಗ ಕಳಿಸಿ, ನೋಡಿಕೊಡುತ್ತೇನೆ.